ಪದ್ಮವ್ವ ಬರೆಸಿದ ಕಡೆಯ ಸಾಲು

ನನ್ನ ಅಕ್ಷರ ದುಂಡಗಿವೆ ಎಂದು ಬೈಲಹೊಂಗಲದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದ ಕಾಲವೊಂದಿತ್ತು. ದವಾಖಾನೆಯಲ್ಲಿ ನಾನು ಗುಮಾಸ್ತ. ಅರ್ಜಿಯಿರಲಿ, ವರದಿಯಿರಲಿ, ಯಾರದೋ ಮದುವೆಯ ಲಗ್ನಪತ್ರಿಕೆಯೇ ಇರಲಿ, ಸೋಮಪ್ಪನ ಕೈಯಲ್ಲಿ ಬರೆಸಿದರೆ ಅದಕ್ಕೊಂದು ಕಳೆ ಬರುತ್ತದೆ ಎಂದು ಮಂದಿ ಹುಡುಕಿಕೊಂಡು ಬರುತ್ತಿದ್ದರು. ಅಂಥ ನನ್ನ ಬರಹವನ್ನು ಒಂದೇ ಬೇಸಿಗೆಯಲ್ಲಿ ಹತ್ತು ಸಲ ಹರಿದು ಹಾಕಿಸಿದ ಪುಣ್ಯಾತ್ಗಿತ್ತಿ ನಮ್ಮ ಆಯಾ ಪದ್ಮವ್ವ. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ. ಆದರೂ ಆಕೆಯ ಬಗ್ಗೆ ಬರೆಯದೆ ಇರಲಾರೆ. ಇಲ್ಲಿ 'ಆಕೆ' ಎಂದು ಬರೆಯುತ್ತೇನೆ, ನಿಜ. ಎದುರಿಗೆ 'ರೀ' ಹಚ್ಚದೆ ಮಾತಾಡುವ ಧೈರ್ಯ ಆ ಬೇಸಿಗೆಯ ನಂತರ ನನಗೆ ಬರಲಿಲ್ಲ.

ಪದ್ಮವ್ವನ ತವರು ತೊರಗಲ್ಲು. ಗಂಡ ಬಾಳು ಎಂಬವನು ಬೈಲಹೊಂಗಲದಲ್ಲಿ ಚಕ್ಕಡಿ ಗಾಲಿ ಮಾಡುವ ಬಡಿಗ. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಮಂದಿ. ಆಕೆ ನಮ್ಮಲ್ಲಿಗೆ ಕೆಲಸಕ್ಕೆ ಬಂದಾಗ ಅಕ್ಷರ ಗೊತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಓಣಿಯ ವಯಸ್ಕರ ಸಾಲೆಗೆ ಹೋಗಿ ಓದು ಕಲಿತಳು. ಕಲಿತದ್ದೇ ತಡ, ಕಂಡಕಂಡದ್ದನ್ನೆಲ್ಲ ಓದತೊಡಗಿದಳು. ಔಷಧದ ಡಬ್ಬಿ, ಬಸ್ಸಿನ ಪಾಟಿ, ನನ್ನ ಮೇಜಿನ ಮೇಲಿನ ಕಾಗದ, ಯಾವುದನ್ನೂ ಬಿಡುತ್ತಿರಲಿಲ್ಲ. ಸೊಂಟದಲ್ಲಿ ಸದಾ ಕೊಬ್ಬರಿ ಎಣ್ಣೆ ಹಚ್ಚಿದ ಒಂದು ಅರಿವೆ ಸಿಕ್ಕಿಸಿಕೊಂಡಿರುತ್ತಿದ್ದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ರೋಗಿಗಳ ಬೆರಳಿನ ಮಸಿ ಒರೆಸುವುದು ಆಕೆಯ ಕೆಲಸಗಳಲ್ಲಿ ಒಂದು.

ಇನ್ನು ಆ ಬೇಸಿಗೆಯ ಮಾತು. ಎಪ್ಪತ್ತನಾಲ್ಕನೆಯ ಇಸವಿ. ನಮ್ಮ ಡಾಕ್ಟರ್ ಹಂಪಿಹೊಳಿಯವರಿಗೆ ನಾರುಹುಣ್ಣಿನ ಹೊಸ ಗುಳಿಗೆಯ ಪ್ರಯೋಗ ಮಾಡಬೇಕೆಂಬ ಹುಕಿ ಬಂದಿತ್ತು. ನಾರುಹುಣ್ಣು ಕಂಡವರಿಗೇ ಗೊತ್ತು. ಮೆಟ್ಟಿಲಬಾವಿಯ ನೀರು ಕುಡಿದವರ ಕಾಲಲ್ಲಿ ವರ್ಷ ತುಂಬುವ ಹೊತ್ತಿಗೆ ಬೊಬ್ಬೆ ಏಳುತ್ತದೆ. ಒಡೆದರೆ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳುದ್ದ ಎಳೆಯಬೇಕು. ಅವಸರ ಮಾಡಿ ಹರಿಯಿತೋ, ಕಾಲು ಬಾತು ತಿಂಗಳುಗಟ್ಟಲೆ ಹಾಸಿಗೆಯೇ ಗತಿ. ಹೂಲಿಯಿಂದ ಆಚೆಗಿನ ಒಂದು ಸಣ್ಣ ಊರಿನಲ್ಲಿ ಆ ವರ್ಷ ಮನೆಗಿಬ್ಬರು ಕುಂಟುತ್ತಿದ್ದರು. ಗುಳಿಗೆ ತಿಂದರೆ ಹುಳು ಬೇಗ ಹೊರಗೆ ಬಂದೀತೇ ಎಂದು ನೋಡುವುದು ಡಾಕ್ಟರರ ವಿಚಾರ.

ಗುಳಿಗೆ ಕಳಿಸುವ ಮುಂಬೈಯವರು ಒಂದು ಪತ್ರ ಬರೆದರು. ಮನುಷ್ಯರ ಮೇಲೆ ಪ್ರಯೋಗ ಮಾಡುವ ಮುನ್ನ ಅದು ಸರಿಯೋ ತಪ್ಪೋ ನೋಡುವ ಸಮಿತಿಯೊಂದು ಇರಬೇಕು. ಅದರಲ್ಲಿ ವೈದ್ಯಕೀಯ ಓದದ, ರೋಗಿಗಳ ಕಡೆಯಿಂದ ಮಾತಾಡುವ ಒಬ್ಬರಾದರೂ ಇರಬೇಕು ಎಂದು. ಡಾಕ್ಟರು ಒಬ್ಬ ವಕೀಲರನ್ನು, ಒಬ್ಬ ಹೆಡ್‌ಮಾಸ್ತರರನ್ನು ಹಿಡಿದು ತಂದರು. ರೋಗಿಗಳ ಕಡೆಯವರು ಯಾರು? ಬಾಯಿ ಬಿಡದವರು ಯಾರಾದರೂ ಇದ್ದರೆ ಹೇಳು ಎಂದು ನನ್ನನ್ನು ಕೇಳಿದರು. ನಾನು ಯೋಚನೆ ಮಾಡಿ ಪದ್ಮವ್ವನ ಹೆಸರು ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ತಪ್ಪು ಲೆಕ್ಕ ಇನ್ನೊಂದಿಲ್ಲ.

ಮೊದಲ ಸಭೆಯಲ್ಲೇ ಅದು ಗೊತ್ತಾಯಿತು. ಜವಾನ ಎಲ್ಲರಿಗೂ ಕಪ್ಪು-ಬಸಿಯಲ್ಲಿ ಚಹಾ ತಂದು, ಪದ್ಮವ್ವನಿಗೆ ಮಾತ್ರ ಅಂಚು ಒಡೆದ ಗ್ಲಾಸಿನಲ್ಲಿ ತಂದಿಟ್ಟ. ಪದ್ಮವ್ವ ಅದನ್ನು ಸುಮ್ಮನೆ ಎತ್ತಿ ಡಾಕ್ಟರ ಮುಂದಿಟ್ಟು, ಅವರ ಕಪ್ಪನ್ನು ತನ್ನ ಕಡೆ ಎಳೆದುಕೊಂಡಳು. "ಡಾಕ್ಟರ್ ಸಾಹೇಬ್ರ, ನಿಮಗ ಚಹಾ ಜಾಸ್ತಿ ಬೇಕಲ್ರಿ, ಗ್ಲಾಸಿನ್ಯಾಗ ಹೆಚ್ಚು ಹಿಡೀತೈತಿ" ಎಂದಳು. ಡಾಕ್ಟರು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ನಕ್ಕು ಗ್ಲಾಸಿನಲ್ಲೇ ಕುಡಿದರು. ಮುಂದಿನ ಸಭೆಯಿಂದ ಐದೂ ಕಪ್ಪೇ ಬಂದವು.

ಆಮೇಲೆ ನನ್ನ ಒಪ್ಪಿಗೆ ಪತ್ರ ಓದುವ ಸರದಿ. ಎರಡು ದಿನ ಕೂತು ಬರೆದಿದ್ದೆ. 'ಸದರಿ ಸಂಶೋಧನಾತ್ಮಕ ಚಿಕಿತ್ಸೆಯಲ್ಲಿ ಸ್ವಇಚ್ಛೆಯಿಂದ ಭಾಗವಹಿಸಲು ಈ ಮೂಲಕ ಸಮ್ಮತಿಸಿರುತ್ತೇನೆ' ಎಂದು ಶುರು. ಓದಿ ಮುಗಿಸಿ, ಹೊಗಳುತ್ತಾರೆಂದು ತಲೆ ತಗ್ಗಿಸಿ ಕೂತೆ.

"ಸೋಮಪ್ನೋರ, ಇದನ್ನ ಯಾರು ಹೇಳಾಕತ್ತಾರ್ರಿ?" ಎಂದಳು ಪದ್ಮವ್ವ.

"ರೋಗಿ."

"ಹೂಲಿ ಕಡೆ ರೋಗಿ ಹಿಂಗ ಮಾತಾಡಿದ್ರ ಅವನ ಹೇಣ್ತಿ ದೆವ್ವ ಬಡದೈತಿ ಅಂತ ಎಲ್ಲಮ್ಮನ ಗುಡ್ಡಕ್ಕ ಕರ್ಕೊಂಡ ಹೋದಾಳ್ರಿ."

ಹೆಡ್‌ಮಾಸ್ತರರು ಚಹಾ ನೆತ್ತಿಗೇರಿ ಕೆಮ್ಮಿದರು. ನನಗೆ ಮೈಯೆಲ್ಲ ಉರಿಯಿತು. ಎರಡನೆಯ ಸಲ ಬರೆದೆ, ಮೂರನೆಯ ಸಲ ಬರೆದೆ. ಒಂದು ಸಲ ಗುಳಿಗೆಯಿಂದ ವಾಂತಿಯಾಗಬಹುದು ಎಂಬುದು ಇದರಲ್ಲಿಲ್ಲ ಎಂದಳು. ಇನ್ನೊಂದು ಸಲ, ಬಸುರಿಯರಿಗೆ ಈ ಗುಳಿಗೆ ನಡೆಯುತ್ತದೆಯೋ ಇಲ್ಲವೋ ಕೇಳಿ ಬರೆಯಿರಿ ಎಂದಳು. ಡಾಕ್ಟರು ಪುಸ್ತಕ ತೆಗೆದು ನೋಡಿ, ಗೊತ್ತಿಲ್ಲ, ಕೊಡದಿರುವುದೇ ಒಳ್ಳೆಯದು ಎಂದರು. ಅದನ್ನೂ ಸೇರಿಸಿದೆ.

ದೊಡ್ಡ ಜಗಳವಾದದ್ದು ಹಿಟ್ಟಿನ ಗುಳಿಗೆಯ ಮೇಲೆ. ಅರ್ಧ ಮಂದಿಗೆ ಖರೆ ಗುಳಿಗೆ, ಅರ್ಧ ಮಂದಿಗೆ ಬರೀ ಹಿಟ್ಟಿನ ಗುಳಿಗೆ ಕೊಟ್ಟು ಯಾರದು ಬೇಗ ವಾಸಿಯಾಯಿತು ಎಂದು ತಾಳೆ ನೋಡುವುದು ಪ್ರಯೋಗದ ರೀತಿ. ಪದ್ಮವ್ವ ಅದನ್ನು ಹೇಳಬೇಕೆಂದಳು.

"ಹೇಳಿದ್ರ ಯಾರೂ ಬರಂಗಿಲ್ಲ ಪದ್ಮವ್ವ" ಎಂದರು ಡಾಕ್ಟರು.

"ಹೇಳದ ಕರ್ಕೊಂಡ್ರ, ಅವರು ಬಂದಂಗ ಹೆಂಗಾತ್ರಿ ಸಾಹೇಬ್ರ? ನೀವು ತಂದಂಗಾತು." ಆಮೇಲೆ ತಾನೇ ದಾರಿ ತೋರಿಸಿ, "ಹಿಟ್ಟು ತಿಂದವರಿಗೂ ಕಡೀಕ ಖರೇ ಗುಳಿಗಿ ಕೊಡತೇವಿ ಅಂತ ಬರೀರಿ. ಬರ್ತಾರ. ನಮ್ಮ ಮಂದಿ ನೀವು ತಿಳದಷ್ಟು ಹೆಡ್ಡರಲ್ಲ" ಎಂದಳು.

ಹನ್ನೊಂದನೆಯ ಸಲ ಬರೆದದ್ದು ಒಂದೇ ಪುಟ. ಅದರಲ್ಲಿ 'ಸದರಿ' ಇರಲಿಲ್ಲ, ನನ್ನ ಹೆಮ್ಮೆಯ ಒಂದು ಪದವೂ ಇರಲಿಲ್ಲ. ಕಡೆಯ ಸಾಲನ್ನು ಪದ್ಮವ್ವನೇ ಹೇಳಿ ಬರೆಸಿದಳು. 'ಬ್ಯಾಡ ಅನಿಸಿದ ದಿನ ಬಿಡಬಹುದು. ಯಾಕ ಅಂತ ಯಾರೂ ಕೇಳಂಗಿಲ್ಲ.' ಒಪ್ಪಿಗೆ ಪತ್ರದಲ್ಲಿ ಆಡುಮಾತೇ ಎಂದು ನಾನು ಗೊಣಗಿದೆ. ವಕೀಲರು ಮಾತ್ರ ಆ ಸಾಲಿನ ಕೆಳಗೆ ಗೆರೆ ಎಳೆದು, ಇದರಲ್ಲಿ ನುಸುಳಿಕೊಳ್ಳಲು ಎಲ್ಲಿಯೂ ಸಂದು ಇಲ್ಲ ಎಂದರು.

ವೈಶಾಖದ ಒಂದು ಮುಂಜಾನೆ ಕಂಪೌಂಡರ ಗಂಗಯ್ಯನೂ ನಾನೂ ಡಾಕ್ಟರ ಜೀಪಿನಲ್ಲಿ ಆ ಊರಿಗೆ ಹೋದೆವು. ವಾರ್ಡಿನಲ್ಲಿ ಕೆಲಸವಿದ್ದುದರಿಂದ ಪದ್ಮವ್ವ ಬರಲಿಲ್ಲ. ಡಾಕ್ಟರು ಕೇರಿಯೊಳಗೆ ಮಂದಿಯ ಕಾಲು ನೋಡುತ್ತ ಹೋದರು. ನಾವಿಬ್ಬರು ಚಾವಡಿಯಲ್ಲಿ ಕೂತೆವು. ಊರ ಗೌಡ ನಿಜಗುಣಪ್ಪನವರಿಗೂ ಎಡಗಾಲಲ್ಲಿ ನಾರು ಎದ್ದಿತ್ತು. ಆದ್ದರಿಂದ ಉತ್ಸಾಹ ಬಹಳ. ಅರವತ್ತೆರಡು ಮಂದಿಯನ್ನು ಅವರೇ ಕರೆಸಿ ಕೂಡಿಸಿದ್ದರು. ಗಂಗಯ್ಯ ಪತ್ರವನ್ನು ಮೊದಲಿನಿಂದ ಕಡೆಯತನಕ ಗಟ್ಟಿಯಾಗಿ ಓದಿದ. ಬಸುರಿಯರಿಗೆ ಗುಳಿಗೆ ಇಲ್ಲ ಎಂಬಲ್ಲಿಗೆ ಬಂದಾಗ ತಲೆ ಎತ್ತಿ, "ಯಾರರೆ ಬಸುರಿದ್ರ ಕೈ ಎತ್ರಿ" ಎಂದ. ಮಾವಂದಿರು, ಭಾವಂದಿರು, ಊರ ಹಿರಿಯರು ಎಲ್ಲರೂ ಅಲ್ಲೇ ಸಾಲಾಗಿ ಕೂತಿದ್ದಾರೆ. ಹೆಣ್ಣುಮಕ್ಕಳು ಸೆರಗು ಮುಂದೆಳೆದುಕೊಂಡರು. ಒಂದು ಕೈಯೂ ಏಳಲಿಲ್ಲ. 'ಯಾರೂ ಇಲ್ಲ' ಎಂದು ನಾನು ದುಂಡಗೆ ಬರೆದುಕೊಂಡೆ.

ಕಡೆಯ ಸಾಲು ಓದಿದ್ದೂ ಗೌಡರು ಎದ್ದರು. "ಇಷ್ಟೆಲ್ಲಾ ತಿಳಿಸಿ ಹೇಳಿದ ಮ್ಯಾಲ ನಡುವ ಬಿಡೋರು ಯಾರದಾರ? ದೂರಿಂದ ಬಂದಾರ, ನಮ್ಮೂರ ಮರ್ಯಾದಿ ಪ್ರಶ್ನೆ ಐತಿ" ಎಂದು, ಎಲ್ಲಮ್ಮನ ಭಂಡಾರದ ಚೀಲ ತರಿಸಿ, ಪತ್ರಗಳ ಮೇಲೆಲ್ಲ ಚಿಟಿಕೆ ಚಿಟಿಕೆ ಅರಿಷಿಣ ಚೆಲ್ಲಿದರು. ಮೊದಲು ತಾವೇ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡು ಹೆಬ್ಬೆಟ್ಟು ಒತ್ತಿದರು. ಆಮೇಲೆ ಒಬ್ಬೊಬ್ಬರೇ ಬಂದು ಹಾಗೆಯೇ ಮಾಡಿದರು. ಸವದತ್ತಿ ಸೀಮೆಯಲ್ಲಿ ಭಂಡಾರ ಮುಟ್ಟಿ ಹೇಳಿದ್ದಕ್ಕೆ ತಪ್ಪುವ ಮಾತೇ ಇಲ್ಲ. ನಮ್ಮ ಕೆಲಸ ಗಟ್ಟಿಯಾಯಿತೆಂದು ಗಂಗಯ್ಯ ಹಿಗ್ಗಿದ. ಸುಳ್ಳು ಯಾಕೆ ಹೇಳಲಿ, ನಾನೂ ಹಿಗ್ಗಿದೆ. ಅಲ್ಲಿಂದ ಹತ್ತು ದಿನ ಗಂಗಯ್ಯ ಚಾವಡಿಯಲ್ಲೇ ಉಳಿದು ದಿನಾ ಗುಳಿಗೆ ಕೊಡುವುದೆಂದು ನಿಶ್ಚಯವಾಯಿತು.

ಮರುದಿನ ಪತ್ರಗಳನ್ನು ಮೇಜಿನ ಮೇಲೆ ಒಟ್ಟಿದಾಗ ಪದ್ಮವ್ವ ಬಂದು ನಿಂತಳು.

"ಈ ಹಳದಿ ಏನ್ರಿ?"

ನಾನು ಹೆಮ್ಮೆಯಿಂದಲೇ ಹೇಳಿದೆ. ಕೇಳುತ್ತ ಕೇಳುತ್ತ ಆಕೆಯ ಮುಖ ಬಿಗಿಯಿತು. "ಬಸುರೀನ ಹೆಂಗ ಕೇಳಿದ್ರಿ?" ಎಂದಳು. ಅದನ್ನೂ ಹೇಳಿದೆ. ಪದ್ಮವ್ವ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದಳು. "ಸೋಮಪ್ನೋರ, ನಿಮ್ಮ ಮನ್ಯಾಗ ನಿಮ್ಮ ಸೊಸಿ ಮೂರು ತಿಂಗಳು ತುಂಬೂ ಮೊದಲ ನಿಮಗ ಕೈ ಎತ್ತಿ ಹೇಳಿದ್ಲೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಡಾಕ್ಟರ ಕೋಣೆಗೆ ನಡೆದಳು.

ಮೂರನೆಯ ದಿನ ಮುಂಜಾನೆ ಜೀಪಿನಲ್ಲಿ ಪದ್ಮವ್ವನೂ ಇದ್ದಳು. ಊರು ಮುಟ್ಟಿದ ಮೇಲೆ ಚಾವಡಿಗೆ ಬರಲಿಲ್ಲ. ಎಣ್ಣೆಯ ಅರಿವೆ ಕೈಯಲ್ಲಿ ಹಿಡಿದು, "ಬೆರಳಿನ ಮಸಿ ಒರಸಾಕ ಬಂದೇನ್ರಿವಾ" ಎನ್ನುತ್ತ ಮನೆಮನೆ ಹೊಕ್ಕಳು. ಒಬ್ಬೊಬ್ಬ ಹೆಣ್ಣುಮಗಳ ಕೈ ಹಿಡಿದು, ಒಳಕೋಣೆಯಲ್ಲಿ ಕೂತು, ನಿಧಾನಕ್ಕೆ ಒರೆಸುತ್ತ ಮಾತಾಡಿಸುತ್ತಿದ್ದಳು. ಹದಿನಾಲ್ಕನೆಯ ಮನೆ ಮಾಳಪ್ಪನದು. ಅವನ ಹೆಂಡತಿ ಶೆಟ್ಟೆವ್ವ ಮಸಿ ಒರೆಸುವ ಮುಂಚೆಯೇ ಅಳತೊಡಗಿದಳು.

ಶೆಟ್ಟೆವ್ವನಿಗೆ ಇಪ್ಪತ್ತೆರಡರ ಸುಮಾರು. ಹಿಮ್ಮಡಿಯಲ್ಲಿ ನಾರು. ಮದುವೆಯಾಗಿ ಆರು ವರ್ಷದಲ್ಲಿ ಎರಡು ಸಲ ಬಸುರಾಗಿ ಎರಡೂ ಸಲ ಮೂರನೆಯ ತಿಂಗಳಿಗೆ ಇಳಿದುಹೋಗಿತ್ತು. ಈಗ ಒಂದೂವರೆ ತಿಂಗಳು. ಗಂಡನಿಗೂ ಹೇಳಿರಲಿಲ್ಲ. ಚಾವಡಿಯಲ್ಲಿ ಮಾವನ ಎದುರು ಕೈ ಎತ್ತಲಾಗಲಿಲ್ಲ. ಎಲ್ಲರೂ ಭಂಡಾರ ಮುಟ್ಟುವಾಗ ಹಿಂದೆ ಸರಿಯಲೂ ಆಗಲಿಲ್ಲ. ಮೊದಲ ದಿನದ ಗುಳಿಗೆ ನುಂಗಿ ವಾಂತಿ ಮಾಡಿಕೊಂಡಿದ್ದಳು. ಎರಡನೆಯ ದಿನದ್ದನ್ನು ದವಡೆಯಲ್ಲಿಟ್ಟುಕೊಂಡು ಬಂದು ಹಿತ್ತಿಲಲ್ಲಿ ಉಗುಳಿದ್ದಳು. ಮೂರನೆಯದು ಇನ್ನು ಸ್ವಲ್ಪ ಹೊತ್ತಿಗೆ ಕೊಡುತ್ತಾರೆ.

"ಯಕ್ಕಾ, ನುಂಗಿದ್ರ ಕೂಸಿಗೆ ಏನಾಕ್ಕೈತೋ. ಬಿಟ್ರ ಎಲ್ಲಮ್ಮ ತಾಯಿ ಆಣಿ ಮುರದಂಗಾತು, ಆವಾಗೂ ಕೂಸಿಗೇ ಬಡೀತೈತಿ. ನಾ ಏನ ಮಾಡ್ಲಿ?"

ಪದ್ಮವ್ವ ಹಿತ್ತಿಲ ಬಾಗಿಲಿಗೆ ಡಾಕ್ಟರನ್ನು ಕರೆಸಿ, ಶೆಟ್ಟೆವ್ವನ ಒಪ್ಪಿಗೆ ಪಡೆದೇ ಸಂಗತಿ ಹೇಳಿದಳು. ಹಿಂದೆ ನಾನಿದ್ದೆ. ಡಾಕ್ಟರ ಮುಖ ಬಿಳಿಚಿಕೊಂಡಿತು. ಒಳ್ಳೆಯ ಮನುಷ್ಯ. "ಇವತ್ತಿನಿಂದ ಗುಳಿಗಿ ಬಂದ್. ಭಂಡಾರ ಗಿಂಡಾರ ಎಲ್ಲಾ ಮೂಢನಂಬಿಕಿ, ಏನೂ ಆಗಂಗಿಲ್ಲ ಅಂತ ಹೇಳು ಆಕಿಗೆ" ಎಂದರು.

"ನಿಮಗ ಏನೂ ಇಲ್ರಿ. ನಾ ಬುದ್ಧನ ಪಟ ಇಟ್ಕೊಂಡಾಕಿ, ನನಗೂ ಏನೂ ಇಲ್ಲ. ಆಕಿಗೆ ಐತಲ್ರಿ" ಎಂದಳು ಪದ್ಮವ್ವ. "ಇವತ್ತ ಗುಳಿಗಿ ಬಿಡಸ್ತೀರಿ. ನಾಳೆ ಹೊಟ್ಟಿ ಚುರ್ ಅಂದ್ರ ಆಣಿ ಮುರದದ್ದಕ್ಕ ಹಿಂಗಾತು ಅಂತ ಆಕಿ ಎದಿ ಒಡಕೋತಾಳ. ಆಕಿ ಹೆದರಿಕಿಗೆ ನಿಮ್ಮ ಕಡೆ ಗುಳಿಗಿ ಐತೇನ್ರಿ?"

ಪದ್ಮವ್ವ ನನ್ನ ಬಗಲಿನಿಂದ ಪತ್ರಗಳ ಕಟ್ಟನ್ನು ಎಳೆದುಕೊಂಡು ಚಾವಡಿಗೆ ಹೊರಟಳು. ನಾವು ಬೆನ್ನು ಹತ್ತಿದೆವು.

ಚಾವಡಿಯಲ್ಲಿ ಗುಳಿಗೆಗೆ ಬಂದ ಮಂದಿ ಕೂಡಿತ್ತು. ಗೌಡರು ಕಂಬಕ್ಕೆ ಒರಗಿ ಕಾಲು ಚಾಚಿಕೊಂಡಿದ್ದರು. ಪದ್ಮವ್ವ ಮೆಟ್ಟಿಲ ಕೆಳಗೆ ನಿಂತು ಕೈ ಮುಗಿದು ಕೇಳಿದಳು.

"ಗೌಡ್ರ, ನೀವು ಭಂಡಾರ ಯಾತರ ಮ್ಯಾಲ ಚೆಲ್ಲಿದ್ರಿ?"

"ಹಾಳಿ ಮ್ಯಾಲ. ಯಾಕವಾ?"

"ಹಂಗಾರ ಆಣಿ ಆಗಿದ್ದು ಹಾಳಿನ್ಯಾಗ ಬರದಿದ್ದಕ್ಕ, ಹೌದಿಲ್ರಿ?"

"ಹೌದು ಮತ್ತ. ಬರದಿದ್ದಕ್ಕ ಬಿಟ್ಟು ಇನ್ಯಾತಕ್ಕ?"

"ಇದು ನಿಮ್ಮದ ಹಾಳಿ. ನಿಮ್ಮದ ಹೆಬ್ಬೆಟ್ಟು, ನಿಮ್ಮದ ಭಂಡಾರ. ಕಡೀ ಸಾಲು ಓದತೇನಿ, ಕೇಳ್ರಿ." ಪದ್ಮವ್ವ ಬೆರಳಿಟ್ಟು, ಸಾಲೆಯ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ ಓದಿದಳು. "ಬ್ಯಾಡ ಅನಿಸಿದ ದಿನ ಬಿಡಬಹುದು. ಯಾಕ ಅಂತ ಯಾರೂ ಕೇಳಂಗಿಲ್ಲ." ಆಮೇಲೆ ತಲೆ ಎತ್ತಿದಳು. "ಇದಕ್ಕೂ ಭಂಡಾರ ಬಿದ್ದೈತ್ರಿ. ಅಂದ್ರ ಬಿಟ್ಟವರು ಆಣಿ ಮುರದಂಗಲ್ಲ. ಬಿಡತೇನಿ ಅಂದವರನ್ನ ಯಾಕ ಅಂತ ಕೇಳಿದವರು ಮುರದಂಗ."

ಗೌಡರು ಪತ್ರ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ತಮ್ಮ ಹಳದಿ ಹೆಬ್ಬೆಟ್ಟನ್ನೂ ನೋಡಿದರು. ಗೌಡರಿಗೆ ಸಿಟ್ಟು ಬಂದರೆ ಪ್ರಯೋಗವೂ ಹೋಯಿತು, ನಾವು ಊರು ಬಿಟ್ಟು ಹೋಗುವುದೂ ಕಷ್ಟವೇ. ಗೌಡರು ಒಮ್ಮೆಲೇ ತೊಡೆ ತಟ್ಟಿ ನಕ್ಕುಬಿಟ್ಟರು.

"ನನ್ನ ಭಂಡಾರದ ಚೀಲದಾಗ ನನ್ನ ಕಟ್ಟಿ ಹಾಕಿದೆಲ್ಲವಾ! ಆತು. ಕೇಳಿದ್ರಿಲ್ಲೋ ಎಲ್ಲಾರೂ? ತಾಯಿ ಆಣಿ ಇರೋದು ಹಿಂಗ. ಬಿಡೋರು ಬಿಡಬಹುದು, ಯಾರೂ ಯಾರನ್ನೂ ಕೇಳಂಗಿಲ್ಲ."

ಡಾಕ್ಟರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಇನ್ನು ಅರವತ್ತೆರಡು ಮಂದಿಯೂ ಎದ್ದು ಹೋಗುತ್ತಾರೆ, ಮುಂಬೈಗೆ ಏನು ಬರೆಯಲಿ ಎಂಬುದು ಅವರ ಚಿಂತೆ. ಮೊದಲು ಎದ್ದವನು ಮುದಕಪ್ಪ. ಎಂಬತ್ತರ ಹತ್ತಿರದ ಮುದುಕ, ಬಾಯಲ್ಲಿ ಹಲ್ಲಿಲ್ಲ. "ನಾ ಬಿಡತೇನಿ!" ಎಂದು ಕೋಲು ಎತ್ತಿ ಸಾರಿದ. "ಯಾಕೋ ಮುತ್ಯಾ?" ಎಂದು ಗಂಗಯ್ಯನ ಬಾಯಿಂದ ಜಾರಿತು. ಗೌಡರು ಕಂಬದಿಂದ ನೆಟ್ಟಗಾಗಿ, "ಏ ಗಂಗಯ್ಯ! ಕೇಳಂಗಿಲ್ಲ ಅಂತ ಭಂಡಾರ ಬಿದ್ದೈತಿ!" ಎಂದು ಗದರಿದರು. ಇಡೀ ಚಾವಡಿ ನಕ್ಕಿತು. ಮುದಕಪ್ಪ ಊರೆಲ್ಲ ಒಂದು ಸುತ್ತು ಹಾಕಿ, ತನ್ನನ್ನು ಯಾರೂ ಏನೂ ಕೇಳದ್ದನ್ನು ಖಾತ್ರಿ ಮಾಡಿಕೊಂಡು, ಮರುದಿನ ಎಲ್ಲರಿಗಿಂತ ಮುಂಚೆ ಬಂದು ಗುಳಿಗೆಗೆ ಬಾಯಿ ತೆರೆದು ಕೂತ. ಸುಳ್ಳೋ ಖರೆಯೋ ನೋಡಿದೆ ಎಂದನಂತೆ. ನೇಸರಗಿಯಲ್ಲಿ ಬೀಗರ ಮದುವೆಯೆಂದು ಒಬ್ಬ ಬಿಟ್ಟ. ಇನ್ನೊಬ್ಬಳು ಶೆಟ್ಟೆವ್ವ. ಆಕೆ ಆ ದಿನದಿಂದ ಚಾವಡಿಗೆ ಬರಲಿಲ್ಲ. ಹೆಸರು ಕೂಗಿದಾಗ ಮಾವನೂ ಸೇರಿ ಯಾರೂ ತುಟಿ ಎರಡು ಮಾಡಲಿಲ್ಲ. ಉಳಿದ ಅರವತ್ತು ಮಂದಿ ಕಡೆಯತನಕ ನಡೆಸಿದರು. ಹಿಟ್ಟಿನವರಿಗೆ ಆಮೇಲೆ ಖರೆ ಗುಳಿಗೆಯೂ ಸಿಕ್ಕಿತು. ಶೆಟ್ಟೆವ್ವನ ಹಿಮ್ಮಡಿಯ ನಾರನ್ನು ಪದ್ಮವ್ವ ವಾರಕ್ಕೆರಡು ಸಲ ಹೋಗಿ ತಾನೇ ಕಡ್ಡಿಗೆ ಸುತ್ತಿ ತೆಗೆದಳು.

ಗೌಡರು ನಕ್ಕ ಆ ದಿನ ಜೀಪಿನಲ್ಲಿ ವಾಪಸು ಬರುವಾಗ ನಾನು ಕೇಳಿದೆ. "ಪದ್ಮವ್ವಾರ, ಆ ಒಂದು ಸಾಲಿಗೆ ಅಷ್ಟ್ಯಾಕ ಹಟ ಹಿಡಿದ್ರಿ?"

ಪದ್ಮವ್ವ ಹೊರಗೆ ನೋಡುತ್ತಲೇ ಹೇಳಿದಳು. "ಇಪ್ಪತ್ತು ವರ್ಷ ಮಂದಿ ಹೆಬ್ಬೆಟ್ಟು ಹಿಡದು ಮಸ್ಯಾಗ ಒತ್ತಸೇನ್ರಿ. ಏನ ಬರದೈತ್ಯವಾ ಅಂತ ಅವರು ನನ್ನ ಕೇಳ್ತಿದ್ರು. ಏನಿಲ್ಲ, ಒತ್ತು ಅಂತಿದ್ದೆ. ನನಗರೆ ಎಲ್ಲಿ ಓದಾಕ ಬರ್ತಿತ್ತು? ಸಾಲಿಗೆ ಹೋಗಿ ಓದಾಕ ಕಲತ ಮ್ಯಾಲ ಮೊದಲ ಓದಿದ್ದು ಅಂಥಾದ್ದ ಒಂದು ಹಾಳಿ. ಕಾಲು ತಗಿಯೂದು ಇತ್ತು ಅದರಾಗ. ಆ ಮುದುಕಗ ನಾ ಏನಿಲ್ಲ ಅಂದಿದ್ದೆ." ಸೊಂಟದ ಅರಿವೆ ತೆಗೆದು ತನ್ನ ಕೈಯನ್ನೇ ಒರೆಸಿಕೊಂಡಳು. ಆ ಕೈಯಲ್ಲಿ ಮಸಿ ಇರಲಿಲ್ಲ. ನನಗೆ ಅಳು ಬಂದಿತ್ತು, ಧೂಳು ಎಂದು ಕಣ್ಣೊರೆಸಿಕೊಂಡೆ.

ಸಂಕ್ರಾಂತಿಗೆ ಇನ್ನೂ ಎರಡು ದಿನ ಇರುವಾಗ, ಮಧ್ಯಾಹ್ನದ ಹೊತ್ತಿಗೆ ಮಾಳಪ್ಪ ಹೆಂಡತಿಯನ್ನು ಕರೆದುಕೊಂಡು ನಮ್ಮ ದವಾಖಾನೆಗೆ ಬಂದ. ಶೆಟ್ಟೆವ್ವನಿಗೆ ಬ್ಯಾನೆ ಶುರುವಾಗಿತ್ತು. ಮೊದಲೆರಡು ಹಾಗಾದದ್ದಕ್ಕೆ ಹೆರಿಗೆ ಇಲ್ಲೇ ಆಗಲಿ ಎಂದು ಪದ್ಮವ್ವನೇ ಹೇಳಿ ಕಳಿಸಿದ್ದಳು. ದಾಖಲು ಮಾಡಿಕೊಳ್ಳುವ ಪತ್ರ ನನ್ನ ಮೇಜಿನಲ್ಲಿತ್ತು. ನನಗೆ ಅವಸರ. ಮಸಿಯ ಡಬ್ಬಿ ತೆರೆದು, ಆಕೆಯ ಕೈ ಹಿಡಿದು, "ಏನಿಲ್ಲವಾ, ಇಲ್ಲೊಂದು ಒತ್ತು" ಎಂದೆ.

ಶೆಟ್ಟೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಬ್ಯಾನೆ ಬಂದು ಹಲ್ಲು ಕಚ್ಚಿದಳು, ಮೇಜಿನ ಅಂಚು ಹಿಡಿದು ನಿಂತಳು, ಅದು ಇಳಿದ ಮೇಲೆ ಉಸಿರು ಬಿಟ್ಟು ಹೇಳಿದಳು.

"ಏನ ಬರದೈತಿ, ಮೊದಲ ಓದ್ರಿ ಯಣ್ಣಾ."

ಓದಿದೆ. 'ಸದರಿ ರೋಗಿಯು ಈ ಮೂಲಕ' ಎಂದು ಶುರುವಾಗುತ್ತಿತ್ತು. ನಾನೇ ಬರೆದದ್ದು, ಹಳೆಯದು.

"ತಿಳೀಲಿಲ್ರಿ" ಎಂದಳು ಶೆಟ್ಟೆವ್ವ.

ಮಾಳಪ್ಪ ಕೈ ಕೈ ಹಿಸುಕಿಕೊಳ್ಳುತ್ತಿದ್ದ. ನಾನು ಒಂದೊಂದೇ ಸಾಲು ಬಿಡಿಸಿ ಹೇಳಿದೆ. ನಡುವೆ ಎರಡು ಸಲ ಬ್ಯಾನೆ ಬಂತು. ಎರಡೂ ಸಲ ಆಕೆ ಬೆರಳೆತ್ತಿ ನನ್ನನ್ನು ನಿಲ್ಲಿಸಿ, ಮತ್ತೆ ಮುಂದಕ್ಕೆ ಹೇಳಿರಿ ಎಂದಳು. ಬಾಗಿಲಲ್ಲಿ ಬಿಸಿನೀರಿನ ಬೋಗುಣಿ ಹಿಡಿದು ಪದ್ಮವ್ವ ನಿಂತಿದ್ದಳು. ನಗುತ್ತಿದ್ದಳು, ಕಣ್ಣಿಂದ ನೀರೂ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಎಲ್ಲ ಕೇಳಿ ಮುಗಿದ ಮೇಲೆ ಶೆಟ್ಟೆವ್ವ ತಾನೇ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿದಳು. ಸಂಜೆಯೊಳಗೆ ಹೆಣ್ಣು ಕೂಸು ಹುಟ್ಟಿತು.

ಮರುದಿನ ಮುಂಜಾನೆ ನಾನು ಬರೆದಿಟ್ಟ ದವಾಖಾನೆಯ ಖಾಲಿ ಪತ್ರಗಳನ್ನೆಲ್ಲ ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರವಿಕೊಂಡೆ. ಮೇಲಿನದನ್ನು ಹರಿದು, ಹೊಸ ಹಾಳೆ ತೆಗೆದು, ಹನ್ನೆರಡನೆಯ ಸಲ ಬರೆಯಲು ಕೂತೆ. ಈ ಸಲ ನನಗೆ ಯಾರೂ ಹೇಳಿರಲಿಲ್ಲ.